ಮುಖ ಸೊಟ್ಟಗಾದಾಗ ಕಿವಿಯನ್ನೂ ನೋಡಬೇಕು: ರಾಮ್ಸೆ ಹಂಟ್ ಸಿಂಡ್ರೋಮ್‌ನ ಒಂದು ಪ್ರಕರಣ

ರೋಗಿ 54 ವರ್ಷದ ಶಾಲಾ ಶಿಕ್ಷಕಿ. ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿತ್ತು. ಬೇರೆ ದೊಡ್ಡ ಕಾಯಿಲೆ ಯಾವುದೂ ಇರಲಿಲ್ಲ. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಬಂದು ಹೋಗಿತ್ತು. ಅದನ್ನು ಅವರು ಕೇಳಿದ ಮೇಲೆ ನೆನಪಿಸಿಕೊಂಡು ಹೇಳಿದರು. ನಾನು ಕಿವಿ, ಮೂಗು, ಗಂಟಲಿನ ವೈದ್ಯ. ಅವರ ಗುರುತು ಸಿಗುವಂಥ ವಿವರಗಳನ್ನೆಲ್ಲ ಬಿಟ್ಟು, ಕಾಯಿಲೆ ನಡೆದು ಬಂದ ದಾರಿಯನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ ಎಡಗಿವಿಯ ಆಳದಲ್ಲಿ ನೋವು. ಚುಚ್ಚುವ, ಉರಿಯುವ ನೋವು. ಕಿವಿಯ ಹಿಂದೆ, ಕತ್ತಿನವರೆಗೂ ಹರಡುತ್ತಿತ್ತು. ಮೂರನೇ ದಿನ ಒಂದು ಕ್ಲಿನಿಕ್‌ಗೆ ಹೋದರು. ಕಿವಿ ತಮಟೆ ಚೆನ್ನಾಗಿತ್ತು, ಕೀವು ಇರಲಿಲ್ಲ. ಕಿವಿಗೆ ಡ್ರಾಪ್ಸ್ ಬರೆದುಕೊಟ್ಟರು. ನಾಲ್ಕನೇ ದಿನ ಊಟಕ್ಕೆ ಕೂತಾಗ ನಾಲಿಗೆಯ ಎಡಭಾಗಕ್ಕೆ ರುಚಿಯೇ ಗೊತ್ತಾಗಲಿಲ್ಲ. ತಟ್ಟೆ ಲೋಟದ ಸದ್ದು ಎಡಗಿವಿಗೆ ತುಂಬಾ ಜೋರಾಗಿ ಕೇಳಿಸಿ ತಲೆ ಚಿಟ್ಟು ಹಿಡಿಯುತ್ತಿತ್ತು. ಇವೆರಡನ್ನೂ ಅವರು ಯಾರಿಗೂ ಹೇಳಲಿಲ್ಲ. ಕಿವಿ ನೋವಿಗೂ ರುಚಿಗೂ ಏನು ಸಂಬಂಧ ಅಂತ ಯಾರಿಗಾದರೂ ಅನಿಸುತ್ತೆ, ಅಲ್ವಾ?

ಐದನೇ ದಿನ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿಹೋಯಿತು. ಕನ್ನಡಿ ನೋಡಿದರೆ ಬಾಯಿ ಬಲಕ್ಕೆ ಎಳೆದಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ಮನೆಯವರಿಗೆ ಲಕ್ವ ಹೊಡೆದಿದೆ ಎಂಬ ಭಯ. ತಡ ಮಾಡದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದರು. ಅದು ಸರಿಯಾದ ನಿರ್ಧಾರವೇ. ಮುಖ ಇದ್ದಕ್ಕಿದ್ದಂತೆ ಸೊಟ್ಟಗಾದರೆ, ಬೇರೆ ಏನೆಂದು ಖಾತ್ರಿಯಾಗುವವರೆಗೂ ಅದನ್ನು ಪಾರ್ಶ್ವವಾಯು ಅಂತಲೇ ತಿಳಿದು ಓಡಬೇಕು.

ಅಲ್ಲಿ ವೈದ್ಯರು ಹಣೆ ಮೇಲಕ್ಕೆತ್ತಲು ಹೇಳಿದರು. ಎಡ ಹಣೆಯಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಇದು ಮುಖ್ಯ ಸುಳಿವು. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಅರ್ಧಗಳಿಂದ ಆಜ್ಞೆ ಬರುತ್ತದೆ. ಹಾಗಾಗಿ ಮೆದುಳಿನ ಒಂದು ಪಕ್ಕಕ್ಕೆ ಪೆಟ್ಟು ಬಿದ್ದರೆ ಬಾಯಿ ಸೊಟ್ಟಗಾದರೂ ಹಣೆ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಹಣೆಯೂ ಸೇರಿ ಇಡೀ ಅರ್ಧ ಮುಖ ಬಿದ್ದರೆ ತೊಂದರೆ ಮುಖದ ನರದಲ್ಲೇ ಇರುವ ಸಾಧ್ಯತೆ ಜಾಸ್ತಿ. ಸಿಟಿ ಸ್ಕ್ಯಾನ್ ಕೂಡ ಸರಿಯಾಗಿತ್ತು. ಬೆಲ್ಸ್ ಪಾಲ್ಸಿ, ಅಂದರೆ ಇಂಥದೇ ಕಾರಣ ಎಂದು ಗೊತ್ತಾಗದೆ ಮುಖದ ನರ ಇದ್ದಕ್ಕಿದ್ದಂತೆ ಸೋಲುವ ಕಾಯಿಲೆ ಎಂದು ಹೇಳಿ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುರು ಮಾಡಿ ಕಳಿಸಿದರು.

ಆರನೇ ದಿನ ಸಂಜೆ ತಲೆ ಗಿರ್ರೆಂದು ತಿರುಗಲು ಶುರುವಾಯಿತು. ಜೊತೆಗೆ ವಾಂತಿ. ಎಡಗಿವಿ ಮಂದವಾಯಿತು, ಒಳಗೆ ಗುಂಯ್ ಎನ್ನುವ ಸದ್ದು. ಏಳನೇ ದಿನ ನನ್ನ ಹತ್ತಿರ ಬಂದರು.

ಕಿವಿಯಲ್ಲಿ ಕಂಡದ್ದು

ಕಿವಿಯ ರಂಧ್ರದ ಹೊರಗಿನ ಬಟ್ಟಲಿನಂಥ ಗುಂಡಿಯಲ್ಲಿ ನಾಲ್ಕೈದು ಸಣ್ಣ ನೀರುಗುಳ್ಳೆಗಳಿದ್ದವು. ಸುತ್ತ ಚರ್ಮ ಕೆಂಪಾಗಿತ್ತು. ಒಂದೆರಡು ಗುಳ್ಳೆ ಒಡೆದು ಹಕ್ಕಳೆ ಕಟ್ಟುತ್ತಿತ್ತು.

"ಇದು ಯಾವಾಗ ಬಂತು ಮೇಡಂ?"

"ನಿನ್ನೆ ಮೊನ್ನೆ ಇರಬೇಕು ಡಾಕ್ಟ್ರೇ. ಆ ಡ್ರಾಪ್ಸ್ ಆಗಿಬರಲಿಲ್ಲ ಅಂದುಕೊಂಡು ನಿಲ್ಲಿಸಿಬಿಟ್ಟೆ."

ಬಾಯಿ ತೆರೆಸಿ ನೋಡಿದರೆ ಅಂಗುಳದ ಹಿಂಭಾಗದಲ್ಲಿ, ಎಡಗಡೆಯೇ, ಇನ್ನೆರಡು ಗುಳ್ಳೆ. ಕಿವಿ ನೋವು, ಕಿವಿಯಲ್ಲಿ ಗುಳ್ಳೆ, ಅದೇ ಪಕ್ಕದ ಮುಖ ಬಿದ್ದಿರುವುದು: ಈ ಮೂರೂ ಸೇರಿದರೆ ರಾಮ್ಸೆ ಹಂಟ್ ಸಿಂಡ್ರೋಮ್. ಅಂದರೆ ಮುಖದ ನರಕ್ಕೆ ಬಂದ ಸರ್ಪಸುತ್ತು. ನ್ಯೂಯಾರ್ಕ್‌ನ ನರರೋಗ ವೈದ್ಯ ಜೇಮ್ಸ್ ರಾಮ್ಸೆ ಹಂಟ್ 1907ರಲ್ಲಿ ಇದನ್ನು ವಿವರಿಸಿದರು.

ತುರ್ತು ವಿಭಾಗದ ವೈದ್ಯರು ಇದನ್ನು ಕಾಣದೆ ಬಿಟ್ಟರು ಅಂತ ಹೇಳುವುದು ಅನ್ಯಾಯ. ಅವರು ನೋಡಿದ ಹೊತ್ತಿಗೆ ಗುಳ್ಳೆ ಬಂದೇ ಇರಲಿಲ್ಲವೇನೋ. ಈ ಕಾಯಿಲೆಯಲ್ಲಿ ಗುಳ್ಳೆಗಳು ಮುಖ ಬೀಳುವ ಮೊದಲೂ ಬರಬಹುದು, ಜೊತೆಗೂ ಬರಬಹುದು, ಕೆಲವು ದಿನ ಕಳೆದ ಮೇಲೂ ಬರಬಹುದು. ಕೆಲವರಿಗೆ ಬರುವುದೇ ಇಲ್ಲ. ಬೆಲ್ಸ್ ಪಾಲ್ಸಿ ಅಂತ ಹೇಳಿಸಿಕೊಂಡು ಮನೆಗೆ ಹೋದವರ ಕಿವಿಯನ್ನು ಮುಂದಿನ ವಾರವೆಲ್ಲ ಯಾರಾದರೂ ನೋಡುತ್ತಿರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಮನೆಯವರು ಟಾರ್ಚ್ ಹಿಡಿದು ನೋಡಿದರೂ ಸಾಕು. ಕಿವಿಯ ಗುಂಡಿ, ಕಿವಿಯ ಹಿಂದೆ, ಬಾಯಿಯ ಅಂಗುಳ, ನಾಲಿಗೆ.

ಇಷ್ಟೊಂದು ಒತ್ತಾಯ ಯಾಕೆ ಅಂದರೆ, ಹೆಸರು ಬದಲಾದರೆ ಔಷಧಿ ಬದಲಾಗುತ್ತದೆ. ಬೆಲ್ಸ್ ಪಾಲ್ಸಿಗೆ ಸ್ಟೀರಾಯ್ಡ್ ಒಳ್ಳೆಯ ಚಿಕಿತ್ಸೆ. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡ್‌ನ ಪ್ರಯೋಗದಲ್ಲಿ ಪ್ರೆಡ್ನಿಸೊಲೋನ್ ತೆಗೆದುಕೊಂಡವರಲ್ಲಿ ಸುಮಾರು 94% ಜನ 9 ತಿಂಗಳಲ್ಲಿ ಪೂರ್ತಿ ಗುಣವಾಗಿದ್ದರು. ತೆಗೆದುಕೊಳ್ಳದವರಲ್ಲಿ ಅದು ಸುಮಾರು 82%. ಅದೇ ಪ್ರಯೋಗದಲ್ಲಿ ವೈರಸ್ ವಿರೋಧಿ ಔಷಧಿಯಾದ ಎಸೈಕ್ಲೋವಿರ್‌ನಿಂದ ಲಾಭ ಕಾಣಲಿಲ್ಲ. ಆದ್ದರಿಂದ ಬೆಲ್ಸ್ ಪಾಲ್ಸಿ ಎಂದು ತಿಳಿದಾಗ ಬರೀ ಸ್ಟೀರಾಯ್ಡ್ ಕೊಡುವುದು ತಪ್ಪಲ್ಲ. ರಾಮ್ಸೆ ಹಂಟ್‌ನಲ್ಲಿ ಹಾಗೆ ಮಾಡಿದರೆ, ನರದೊಳಗೆ ಹೆಚ್ಚುತ್ತಿರುವ ವೈರಸ್ಸನ್ನು ತಡೆಯುವವರೇ ಇರುವುದಿಲ್ಲ.

ಒಳಗೆ ಏನು ನಡೆದಿತ್ತು

ಚಿಕನ್‌ಪಾಕ್ಸ್ ತರುವ ವೈರಸ್ಸೂ ಸರ್ಪಸುತ್ತು ತರುವ ವೈರಸ್ಸೂ ಒಂದೇ. ವ್ಯಾರಿಸೆಲ್ಲಾ ಜೋಸ್ಟರ್ ಅಂತ ಅದರ ಹೆಸರು. ಚಿಕನ್‌ಪಾಕ್ಸ್ ವಾಸಿಯಾದರೂ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ನರಗಳ ಬೇರಿನ ಬಳಿ ಇರುವ ನರಗಂಟುಗಳಲ್ಲಿ ಅಡಗಿ ಕೂರುತ್ತದೆ. ಸುಮ್ನೆ ಇರುತ್ತದೆ, ಹತ್ತಾರು ವರ್ಷ. ವಯಸ್ಸಾಗಿ ಅದನ್ನು ಕಾಯುವ ರೋಗನಿರೋಧಕ ಶಕ್ತಿ ಇಳಿದಾಗ ಮತ್ತೆ ಎದ್ದು, ಅದೇ ನರದ ಉದ್ದಕ್ಕೂ ಚರ್ಮಕ್ಕೆ ಇಳಿಯುತ್ತದೆ. ಹೀಗೆ ಅಡಗಿದ್ದು ಮತ್ತೆ ಏಳುತ್ತದೆ ಎಂಬ ವಾದವನ್ನು ಗಟ್ಟಿಯಾಗಿ ಮುಂದಿಟ್ಟವರಲ್ಲಿ ಎಡ್ಗರ್ ಹೋಪ್-ಸಿಂಪ್ಸನ್ ಮುಖ್ಯರು. ಅವರು ಇಂಗ್ಲೆಂಡಿನ ಸಾಮಾನ್ಯ ವೈದ್ಯರು, ದೊಡ್ಡ ಪ್ರಯೋಗಾಲಯದವರಲ್ಲ. ತಮ್ಮ ರೋಗಿಗಳನ್ನೇ ವರ್ಷಗಟ್ಟಲೆ ಗಮನಿಸಿ ಬರೆದಿಟ್ಟು 1965ರಲ್ಲಿ ಅದನ್ನು ಪ್ರಕಟಿಸಿದರು. ದಿನವೂ ರೋಗಿಗಳನ್ನು ನೋಡುವ ನಮ್ಮಂಥವರಿಗೆ ಅದು ಹುಮ್ಮಸ್ಸು ಕೊಡುವ ಸಂಗತಿ.

ಈ ಶಿಕ್ಷಕಿಯಲ್ಲಿ ವೈರಸ್ ಎದ್ದದ್ದು ಮುಖದ ನರದ ಮೇಲಿರುವ ಜೆನಿಕ್ಯುಲೇಟ್ ಎಂಬ ನರಗಂಟಿನಲ್ಲಿ. ಅದು ಕಿವಿಯ ಒಳಭಾಗದ ಮೂಳೆಯೊಳಗಿದೆ. ಮುಖದ ನರ ಅಲ್ಲಿ ಒಂದು ಮೂಳೆ ಕೊಳವೆಯೊಳಗೆ ತೂರಿ ಬರಬೇಕು. ಕೊಳವೆಯ ಅತಿ ಕಿರಿದಾದ ಜಾಗ 1 ಮಿಲಿಮೀಟರ್‌ಗಿಂತಲೂ ಕಡಿಮೆ ಅಗಲ. ನರಕ್ಕೆ ಉರಿಯೂತ ಬಂದರೆ ಹಿಗ್ಗಲು ಜಾಗವಿಲ್ಲ. ಊದಿದ ಬೆರಳಿಗೆ ಉಂಗುರ ಬಿಗಿದ ಹಾಗೆ, ರಕ್ತ ಓಡಾಡದೆ ನರ ಸೊರಗುತ್ತದೆ.

ಈಗ ನಾಲ್ಕನೇ ದಿನದ ಆ ಎರಡು ತೊಂದರೆ ಅರ್ಥವಾಗುತ್ತವೆ. ಮುಖದ ನರ ಬರೀ ಮುಖ ಅಲ್ಲಾಡಿಸುವ ನರವಲ್ಲ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿಯನ್ನು ಅದರದೇ ಒಂದು ಎಳೆ ಹೊತ್ತು ತರುತ್ತದೆ. ಇನ್ನೊಂದು ಎಳೆ ಕಿವಿಯೊಳಗಿನ ಪುಟ್ಟ ಸ್ನಾಯುವಿಗೆ ಹೋಗುತ್ತದೆ. ಜೋರು ಸದ್ದು ಬಂದಾಗ ಅದನ್ನು ತಗ್ಗಿಸುವುದು ಆ ಸ್ನಾಯುವಿನ ಕೆಲಸ. ಅದು ಸೋತರೆ ಲೋಟದ ಸದ್ದೂ ಬಡಿದಂತೆ ಕೇಳಿಸುತ್ತದೆ. ಮತ್ತೊಂದು ಎಳೆ ಕಣ್ಣೀರಿಗೆ. ಮುಖದ ನರದ ಪಕ್ಕದಲ್ಲೇ ಕೇಳುವ ನರ ಮತ್ತು ಸಮತೋಲನದ ನರ ಇವೆ. ವೈರಸ್ ಅಲ್ಲಿಗೂ ಹರಡಿದಾಗ ತಲೆ ತಿರುಗುವಿಕೆ, ಕಿವಿ ಮಂದ. ಬೆಲ್ಸ್ ಪಾಲ್ಸಿಯಲ್ಲಿ ಇವೆರಡು ಬರುವುದು ಅಪರೂಪ. ಗುಳ್ಳೆ ಕಾಣದಿದ್ದರೂ ಜೋರು ಕಿವಿ ನೋವಿನ ಜೊತೆ ಇವು ಬಂದರೆ ನಾನು ರಾಮ್ಸೆ ಹಂಟ್ ಎಂದೇ ತಿಳಿದು ನಡೆಯುತ್ತೇನೆ.

ಒಂದು ಅನುಮಾನ, ಅದಕ್ಕೊಂದು ಸ್ಕ್ಯಾನ್

ಗುಳ್ಳೆ ಕಂಡ ಮೇಲೂ ಒಂದು ಪ್ರಶ್ನೆ ಉಳಿದಿತ್ತು. ಹಣೆ ಬಿದ್ದರೆ ಮೆದುಳಿನ ತೊಂದರೆಯಲ್ಲ ಎಂಬ ನಿಯಮಕ್ಕೆ ಒಂದು ಅಪಾಯದ ಅಪವಾದ ಇದೆ. ಮೆದುಳಿನ ಕಾಂಡದಲ್ಲಿ, ಮುಖದ ನರ ಹುಟ್ಟುವ ಜಾಗದಲ್ಲೇ ರಕ್ತನಾಳ ಕಟ್ಟಿಕೊಂಡರೆ ಹಣೆಯೂ ಸೇರಿ ಅರ್ಧ ಮುಖ ಬೀಳಬಹುದು. ಜೊತೆಗೆ ತಲೆ ತಿರುಗುವುದು, ಒಂದು ಕಿವಿ ಕೇಳದಿರುವುದು ಕೂಡ ಬರಬಹುದು. 54 ವರ್ಷ, ಸಕ್ಕರೆ ಕಾಯಿಲೆ, ಹೊಸದಾಗಿ ತಲೆಸುತ್ತು. ಅಂಥ ಸಣ್ಣ ಪಾರ್ಶ್ವವಾಯು ಸಿಟಿಯಲ್ಲಿ ಕಾಣದೆ ಹೋಗಬಹುದು.

ಎರಡೆರಡು ಕಾಣುತ್ತಿರಲಿಲ್ಲ. ಮಾತು ತೊದಲುತ್ತಿರಲಿಲ್ಲ. ಕೈಕಾಲಿನ ಹಿಡಿತ, ಸ್ಪರ್ಶ ಸರಿಯಿತ್ತು. ಕಣ್ಣುಗುಡ್ಡೆಗಳು ಬಲಕ್ಕೆ ಪಟಪಟನೆ ಹೊಡೆದುಕೊಳ್ಳುತ್ತಿದ್ದವು. ನೋಟವನ್ನು ಯಾವ ಕಡೆ ತಿರುಗಿಸಿದರೂ ಆ ದಿಕ್ಕು ಬದಲಾಗಲಿಲ್ಲ. ಇವೆಲ್ಲ ಎಡಗಿವಿಯ ಸಮತೋಲನದ ನರವನ್ನೇ ತೋರಿಸುತ್ತಿದ್ದವು. ಆದರೂ ಎಂಆರ್‌ಐ ಮಾಡಿಸಿದೆವು. ಮೆದುಳಿನ ಕಾಂಡ ಸರಿಯಿತ್ತು. ಎಡ ಮುಖದ ನರ, ಆ ನರಗಂಟಿನ ಬಳಿ, ಸ್ಕ್ಯಾನ್‌ಗಾಗಿ ರಕ್ತನಾಳಕ್ಕೆ ಕೊಟ್ಟ ಕಾಂಟ್ರಾಸ್ಟ್ ದ್ರವ ಹೀರಿ ಬೆಳ್ಳಗೆ ಹೊಳೆಯುತ್ತಿತ್ತು. ಗುಳ್ಳೆಯ ನೀರನ್ನು ಪಿಸಿಆರ್ ಪರೀಕ್ಷೆಗೆ ಕಳಿಸಿದ್ದೆವು, ಅದರಲ್ಲೂ ವೈರಸ್ ಸಿಕ್ಕಿತು. ಈ ಯಾವ ವರದಿಗೂ ಕಾಯದೆ ಔಷಧಿ ಮೊದಲೇ ಶುರುವಾಗಿತ್ತು. ಹಾಗೇ ಮಾಡಬೇಕು.

ಔಷಧಿ

ವಾಲಾಸೈಕ್ಲೋವಿರ್ 1000 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 7 ದಿನ. ಕಿಡ್ನಿಯ ರಕ್ತ ಪರೀಕ್ಷೆ ಸರಿಯಿದ್ದದ್ದರಿಂದ ಪೂರ್ತಿ ಪ್ರಮಾಣ. ಕಿಡ್ನಿ ದುರ್ಬಲವಾಗಿದ್ದರೆ ಇದನ್ನು ಇಳಿಸಲೇಬೇಕು, ಇಲ್ಲದಿದ್ದರೆ ಔಷಧಿ ದೇಹದಲ್ಲಿ ಉಳಿದು ಗೊಂದಲ, ಮಂಪರು ತರುತ್ತದೆ. ಈ ಮಾತ್ರೆ ದೇಹದೊಳಗೆ ಎಸೈಕ್ಲೋವಿರ್ ಆಗಿ ಬದಲಾಗುತ್ತದೆ. ಎಸೈಕ್ಲೋವಿರ್‌ಗೆ ಒಂದು ಒಳ್ಳೆಯ ಗುಣವಿದೆ. ಅದು ಕೆಲಸ ಶುರು ಮಾಡಬೇಕಾದರೆ ವೈರಸ್ಸಿನದೇ ಕಿಣ್ವ ಅದನ್ನು ಎಚ್ಚರಿಸಬೇಕು. ಹಾಗಾಗಿ ವೈರಸ್ ಹೊಕ್ಕ ಜೀವಕೋಶದಲ್ಲೇ ಅದರ ಪ್ರಭಾವ ಹೆಚ್ಚು, ಉಳಿದ ಕಡೆ ಬಹಳ ಕಡಿಮೆ. ಈ ಔಷಧಿಯ ಹಿಂದಿನ ತಂಡವನ್ನು ನಡೆಸಿದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಹುಮಾನದ ಪಾಲು ಬಂತು.

ಪ್ರೆಡ್ನಿಸೊಲೋನನ್ನು 60 ಮಿಲಿಗ್ರಾಂನಂತೆ 5 ದಿನ ಮುಂದುವರಿಸಿ, ಆಮೇಲೆ ಇಳಿಸುತ್ತಾ ಬಂದು ನಿಲ್ಲಿಸಿದೆವು. ಸಕ್ಕರೆ 300 ದಾಟಿತು. ಕೆಲವು ದಿನ ಇನ್ಸುಲಿನ್ ಬೇಕಾಯಿತು. ರಾಮ್ಸೆ ಹಂಟ್‌ಗೆ ಈ ಎರಡು ಔಷಧಿಗಳ ಜೋಡಿ ಎಷ್ಟು ಪರಿಣಾಮಕಾರಿ ಎಂದು ದೊಡ್ಡ ಪ್ರಯೋಗಗಳು ಆಗಿಲ್ಲ. ಇರುವ ಮುಖ್ಯ ಆಧಾರ, ಜಪಾನಿನ ವೈದ್ಯರು 1997ರಲ್ಲಿ ಪ್ರಕಟಿಸಿದ 80 ರೋಗಿಗಳ ಅನುಭವ. ಮೊದಲ 3 ದಿನದೊಳಗೆ ಚಿಕಿತ್ಸೆ ಶುರುವಾದವರಲ್ಲಿ 75% ಜನರ ಮುಖ ಪೂರ್ತಿ ಸರಿಯಾಗಿತ್ತು. 7 ದಿನ ದಾಟಿದ ಮೇಲೆ ಶುರುವಾದವರಲ್ಲಿ 30% ಮಾತ್ರ. ನಮ್ಮ ಶಿಕ್ಷಕಿಯ ಮುಖ ಬಿದ್ದು ಎರಡು ದಿನವಾಗಿತ್ತು. ಅಂದರೆ ಗಡುವಿನೊಳಗೇ ಇದ್ದೆವು.

ಮನೆಯಲ್ಲಿ ಅವರ ಮಗಳು ಐದು ತಿಂಗಳ ಗರ್ಭಿಣಿ. ಸರ್ಪಸುತ್ತು ಒಬ್ಬರಿಂದ ಇನ್ನೊಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಚಿಕನ್‌ಪಾಕ್ಸ್ ಬಂದೇ ಇಲ್ಲದವರಿಗೆ ಚಿಕನ್‌ಪಾಕ್ಸ್ ಬರಬಹುದು. ಗರ್ಭಿಣಿಗೆ ಅದು ಅಪಾಯ. ಮಗಳ ರಕ್ತದಲ್ಲಿ ಪ್ರತಿಕಾಯ ಇದೆ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಅಲ್ಲಿಯವರೆಗೂ ಗುಳ್ಳೆ ಮುಚ್ಚಿಟ್ಟುಕೊಂಡು ದೂರ ಇರಲು ಹೇಳಿದ್ದೆವು.

ಕಣ್ಣು

ಈ ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಆತಂಕ ತಂದದ್ದು ಮುಖವಲ್ಲ, ಕಣ್ಣು. ಮುಖ ತಡವಾಗಿ ಸರಿಯಾದರೂ ನಡೆಯುತ್ತದೆ. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಒಣಗಿ ಹುಣ್ಣಾಗಿ ಕಲೆ ಬಿದ್ದರೆ ನೋಟವೇ ಹೋಗಬಹುದು. ರೆಪ್ಪೆ ಮುಚ್ಚುವುದಿಲ್ಲ, ಕಣ್ಣೀರೂ ಕಡಿಮೆ. ಎರಡು ಪೆಟ್ಟು ಒಟ್ಟಿಗೆ.

ಹಗಲು ಗಂಟೆಗೊಮ್ಮೆ ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು, ಮಲಗುವಾಗ ರೆಪ್ಪೆ ಮುಚ್ಚಿ ಟೇಪ್. ಟೇಪ್ ಹಾಕುವುದು ಸುಲಭ ಅಂತ ಕಾಣುತ್ತದೆ, ಸುಲಭವಲ್ಲ. ಅವರ ಮಗಳು ಕಣ್ಣಿನ ಮೇಲೆ ಹತ್ತಿ ಬಟ್ಟೆಯ ತುಂಡಿಟ್ಟು ಅಂಟಿಸುತ್ತಿದ್ದರು. ರಾತ್ರಿ ಒಳಗೆ ರೆಪ್ಪೆ ತೆರೆದುಕೊಂಡು ಬಟ್ಟೆಯೇ ಕಣ್ಣನ್ನು ಉಜ್ಜುತ್ತಿತ್ತು. ಎರಡು ದಿನದಲ್ಲಿ ಕಣ್ಣು ಕೆಂಪಾಗಿ ಬೆಳಕು ಚುಚ್ಚತೊಡಗಿತು. ಕಣ್ಣಿನ ವೈದ್ಯರು ಬಣ್ಣದ ಹನಿ ಹಾಕಿ ನೋಡಿದಾಗ ಕೆಳಭಾಗದಲ್ಲಿ ಸಣ್ಣ ಸಣ್ಣ ಚುಕ್ಕೆಗಳಂಥ ಗೀರುಗಳು. ಮಗಳನ್ನು ಕೂರಿಸಿ ಕೈಹಿಡಿದು ತೋರಿಸಿಕೊಟ್ಟೆವು. ಮೊದಲು ಮುಲಾಮು. ಆಮೇಲೆ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಪೂರ್ತಿ ಕೆಳಕ್ಕೆ ತಂದು ಹಿಡಿಯಬೇಕು. ರೆಪ್ಪೆಯ ಚರ್ಮದ ಮೇಲೆ ಟೇಪ್ ಅಂಟಿಸಿ ಕೆನ್ನೆಯ ಕಡೆಗೆ ಎಳೆಯಬೇಕು. ಮಧ್ಯೆ ಬಟ್ಟೆ ಬೇಡ. ಹಗಲಿಗೆ ಸುತ್ತ ಮುಚ್ಚಿದ ಕನ್ನಡಕ ಕೊಟ್ಟೆವು. ಒಂದು ವಾರದಲ್ಲಿ ಗೀರುಗಳು ಮಾಯವಾದವು. ಮೂರು ತಿಂಗಳು ಈ ಕೆಲಸ ಒಂದು ರಾತ್ರಿಯೂ ತಪ್ಪಲಿಲ್ಲ. ಅವರ ಎಡಗಣ್ಣಿನ ನೋಟ ಇವತ್ತು ಸರಿಯಿರುವುದು ಆ ಮಗಳಿಂದ.

ಕಾಯುವ ತಿಂಗಳುಗಳು

ತಲೆಸುತ್ತು ಮೂರು ವಾರದಲ್ಲಿ ಬಹಳಷ್ಟು ಇಳಿಯಿತು. ಸಮತೋಲನದ ವ್ಯಾಯಾಮ ಸಹಾಯ ಮಾಡಿತು. ಮುಖ ಮಾತ್ರ ಇನ್ನೂ ಕೆಟ್ಟಿತು. ಮುಖದ ಚಲನೆಯನ್ನು 1ರಿಂದ (ಸರಿಯಿದೆ) 6ರವರೆಗೆ (ಪೂರ್ತಿ ಬಿದ್ದಿದೆ) ಅಳೆಯುವ ಹೌಸ್-ಬ್ರಾಕ್‌ಮನ್ ಅಳತೆಯಲ್ಲಿ ಮೊದಲು ನೋಡಿದಾಗ 5ನೇ ಹಂತ, ಅಂದರೆ ಅಲುಗಾಡುವುದು ಕಂಡೂ ಕಾಣದ ಹಾಗೆ. ಎರಡನೇ ವಾರದ ಹೊತ್ತಿಗೆ 6ನೇ ಹಂತ, ಏನೂ ಅಲುಗಾಡುತ್ತಿರಲಿಲ್ಲ. ನರಕ್ಕೆ ವಿದ್ಯುತ್ ಕೊಟ್ಟು ಅಳೆದಾಗ ಎಡಗಡೆಯ ಸ್ಪಂದನೆ ಬಲಗಡೆಯ 15% ಇತ್ತು. ಹೆಚ್ಚಿನ ಎಳೆಗಳು ಕೆಟ್ಟಿವೆ ಅಂತ ಅರ್ಥ. ಔಷಧಿ ಹೊತ್ತಿಗೆ ಸರಿಯಾಗಿ ಸಿಕ್ಕಿದರೂ ಕೆಲವರಲ್ಲಿ ಹೀಗಾಗುತ್ತದೆ. ಆ 75% ಎಂಬ ಅಂಕಿಯ ಹೊರಗೆ ಉಳಿಯುವವರೂ ಮನುಷ್ಯರೇ ಅಲ್ವಾ? ಅವರಿಗೆ ಏನು ಹೇಳುವುದು ಎಂಬುದೇ ವೈದ್ಯನ ಕಷ್ಟದ ಕೆಲಸ.

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಕೆಟ್ಟ ನರದ ಎಳೆ ಮತ್ತೆ ಬೆಳೆಯುತ್ತದೆ, ದಿನಕ್ಕೆ ಸುಮಾರು 1 ಮಿಲಿಮೀಟರ್. ಕಿವಿಯ ಆಳದಿಂದ ಕೆನ್ನೆ, ತುಟಿಯವರೆಗೆ ಬರಬೇಕು. ತಿಂಗಳುಗಳು ಬೇಕು. ಆ ತಿಂಗಳುಗಳಲ್ಲಿ ಏನೂ ಕಾಣದಿದ್ದರೂ ಒಳಗೆ ಕೆಲಸ ನಡೆಯುತ್ತಿರುತ್ತದೆ.

"ಮಕ್ಕಳ ಮುಂದೆ ಹೇಗೆ ನಿಲ್ಲಲಿ ಡಾಕ್ಟ್ರೇ? ನಾನು ನಕ್ಕರೆ ಬೈದ ಹಾಗೆ ಕಾಣುತ್ತೆ."

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮುಖ ಹೋದರೆ ಮಾತಿನ ಅರ್ಧ ಹೋದಂತೆ. ಅವರು ಜನರಿಂದ ತಪ್ಪಿಸಿಕೊಳ್ಳತೊಡಗಿದ್ದರು, ನಿದ್ದೆ ಕೆಟ್ಟಿತ್ತು. ಕಿವಿಯ ನರದ ಉರಿ ನೋವೂ ಉಳಿದಿತ್ತು. ನೋವಿಗೆ ಪ್ರಿಗಾಬಲಿನ್ ಕೊಟ್ಟೆವು, ಆಪ್ತ ಸಮಾಲೋಚಕರ ಹತ್ತಿರ ಕಳಿಸಿದೆವು. ಎರಡು ತಿಂಗಳ ರಜೆ ಮುಗಿದ ಮೇಲೆ ಅವರು ತರಗತಿಗೆ ಹೋಗಿ ಮೊದಲ ದಿನವೇ ಮಕ್ಕಳಿಗೆ ಕಾಯಿಲೆಯನ್ನು ವಿವರಿಸಿದರು. ಅದು ಅವರದೇ ಯೋಚನೆ. ಮಕ್ಕಳು ನರದ ಬಗ್ಗೆ ಪ್ರಶ್ನೆ ಕೇಳಿ ಮುಗಿಸಿ ಪಾಠಕ್ಕೆ ಕೂತರಂತೆ.

ಯಾರೋ ಅವರಿಗೆ ಬಲೂನು ಊದಿ, ಮುಖಕ್ಕೆ ಕರೆಂಟು ಕೊಡಿಸಿ ಎಂದಿದ್ದರು. ಎರಡೂ ಬೇಡ ಎಂದೆ. ಬಲವಂತದ ವ್ಯಾಯಾಮದಿಂದ ನರ ಬೇಗ ಬೆಳೆಯುವುದಿಲ್ಲ. ಮುಖದ ಎಲ್ಲ ಸ್ನಾಯುಗಳೂ ಒಟ್ಟಿಗೆ ಎಳೆದುಕೊಳ್ಳುವ ಅಭ್ಯಾಸ ಬೀಳಬಹುದು. ಮೊದಮೊದಲು ಮೃದುವಾದ ಮಸಾಜ್ ಸಾಕು. ಚಲನೆ ಶುರುವಾದ ಮೇಲೆ ಕನ್ನಡಿ ಮುಂದೆ ನಿಧಾನವಾಗಿ, ಸಣ್ಣ ಸಣ್ಣ ಚಲನೆ. ಮುಖದ ನರದ ಪುನಶ್ಚೇತನ ಗೊತ್ತಿರುವ ಫಿಸಿಯೋಥೆರಪಿಸ್ಟ್ ಇದನ್ನು ಕಲಿಸಿದರು.

ಹನ್ನೊಂದನೇ ವಾರ ಬಾಯಿಯ ಮೂಲೆ ಸ್ವಲ್ಪ ಅಲುಗಿತು. ನಾಲ್ಕನೇ ತಿಂಗಳಿಗೆ ಕಣ್ಣು ಒತ್ತಿ ಮುಚ್ಚಿದರೆ ಮುಚ್ಚುತ್ತಿತ್ತು. ಆರನೇ ತಿಂಗಳಿಗೆ ಹೊಸ ತೊಂದರೆ ಶುರುವಾಯಿತು. ನಕ್ಕರೆ ಎಡಗಣ್ಣು ತಾನೇ ಮುಚ್ಚಿಕೊಳ್ಳುತ್ತದೆ, ಕಣ್ಣು ಮುಚ್ಚಿದರೆ ತುಟಿ ಎಳೆಯುತ್ತದೆ. ಮತ್ತೆ ಬೆಳೆದ ಎಳೆಗಳು ಹಳೆಯ ಸ್ನಾಯುವನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಕೆಲವು ದಾರಿ ತಪ್ಪಿ ಪಕ್ಕದ ಸ್ನಾಯುವಿಗೆ ಸೇರುತ್ತವೆ. ಇದಕ್ಕೆ ಸಿನ್‌ಕೈನೇಸಿಸ್ ಅನ್ನುತ್ತಾರೆ. ಕಣ್ಣಿನ ಸುತ್ತ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಸ್ವಲ್ಪ ಪ್ರಮಾಣದಲ್ಲಿ ಕೊಟ್ಟೆವು. ಅದರ ಪರಿಣಾಮ ಮೂರ್ನಾಲ್ಕು ತಿಂಗಳು ಇರುತ್ತದೆ, ಮತ್ತೆ ಕೊಡಬೇಕು.

ಒಂದು ವರ್ಷಕ್ಕೆ ಮುಖ 3ನೇ ಹಂತದಲ್ಲಿದೆ. ಸುಮ್ಮನಿದ್ದಾಗ ಎರಡೂ ಪಕ್ಕ ಹೆಚ್ಚುಕಡಿಮೆ ಸಮ. ಕಣ್ಣು ಪೂರ್ತಿ ಮುಚ್ಚುತ್ತದೆ. ನಕ್ಕಾಗ ವ್ಯತ್ಯಾಸ ಗೊತ್ತಾಗುತ್ತದೆ. ರುಚಿ ವಾಪಸ್ಸು ಬಂದಿದೆ. ಎಡಗಿವಿಯಲ್ಲಿ ಕೀರಲು ಸದ್ದುಗಳು ಇನ್ನೂ ಮಂದ, ಗುಂಯ್ ಸದ್ದು ರಾತ್ರಿ ಮಾತ್ರ. ನೋವಿನ ಮಾತ್ರೆ ನಿಂತಿದೆ.

ಮತ್ತೆ ಬರುತ್ತದೆಯೇ ಎಂದು ಅವರು ಕೇಳಿದರು. ಸರ್ಪಸುತ್ತು ಎರಡನೇ ಸಲ ಬರಬಹುದು, ಅದೇ ಜಾಗದಲ್ಲೇ ಬರಬೇಕೆಂದಿಲ್ಲ. ಅದನ್ನು ತಡೆಯಲು, 2017ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆದ ರೀಕಾಂಬಿನೆಂಟ್ (ವೈರಸ್ಸಿನ ಒಂದು ಪ್ರೋಟೀನನ್ನು ಮಾತ್ರ ಪ್ರಯೋಗಾಲಯದಲ್ಲಿ ತಯಾರಿಸಿ ಬಳಸುವ) ಲಸಿಕೆ ಇದೆ. ಅದರಲ್ಲಿ ಜೀವಂತ ವೈರಸ್ ಇಲ್ಲ. 50 ದಾಟಿದವರಿಗೆ ಎರಡು ಡೋಸ್, ನಡುವೆ 2ರಿಂದ 6 ತಿಂಗಳ ಅಂತರ. 50 ದಾಟಿದವರ ಮೇಲೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಅದು ಸರ್ಪಸುತ್ತನ್ನು 90%ಗಿಂತ ಹೆಚ್ಚು ತಡೆದಿದೆ. ಒಮ್ಮೆ ಬಂದವರೂ ಕಾಯಿಲೆ ಪೂರ್ತಿ ಇಳಿದ ಮೇಲೆ ಹಾಕಿಸಿಕೊಳ್ಳಬಹುದು. ಅವರು ಎರಡೂ ಡೋಸ್ ಹಾಕಿಸಿಕೊಂಡರು. 58 ವರ್ಷದ ಅಕ್ಕನನ್ನೂ ಕರೆದುಕೊಂಡು ಬಂದಿದ್ದರು.